ಸೇತುವೆ ಕಾಯುವವಳು

"ಮೊದಲೆರಡು ಗಂಟೆ ಬರೀ ನೀರು ಹೊರೋದು, ಅಮ್ಮಾ,
ಒಂದು ಕತ್ತಿ ಸಹ ಕೊಡಲ್ಲ" ಎಂದು
ಪ್ರಣೀತ ಮೂತಿ ತಿರುವಿ
ಕಂಟ್ರೋಲರನ್ನು ಸೋಫಾದ ಸಂದಿಗೆ ತುರುಕಿ
ಫುಟ್‌ಬಾಲಿಗೆ ಹೋದ.
ಹುಡುಕಿ ತೆಗೆದವಳು ನಾನು,
ಕಸ ಗುಡಿಸುವಾಗ.

ಮುಲುಂಡಿನ ಮೂರನೇ ಮಹಡಿ. ಕೆಳಗೆ ಹಳಿ.
ಸ್ವಯಂ ನಿವೃತ್ತಿ ಪಡೆದು ಹನ್ನೊಂದು ತಿಂಗಳು.
ಮಧ್ಯಾಹ್ನಗಳು
ಹುಳಿ ಬಾರದ ಹಿಟ್ಟಿನ ಹಾಗೆ ಬಿದ್ದುಕೊಂಡಿದ್ದವು.

ಪರದೆಯಲ್ಲೊಂದು ಹಳ್ಳಿ. ಹೆಸರೇನು ಎಂದು ಕೇಳಿತು.
ರಾಣಿಯದೋ ರಾಕ್ಷಸಿಯದೋ ಇಡಬಹುದಿತ್ತು;
ಇಂದುಮತಿ ಎಂದೇ ಒತ್ತಿದೆ, ಒಂದೊಂದೇ ಅಕ್ಷರ,
ಪಿಂಚಣಿ ಅರ್ಜಿ ತುಂಬಿದ ಹಾಗೆ.

ನೀರು ಹೊತ್ತೆ. ಆಡು ಹುಡುಕಿದೆ. ಕಮ್ಮಾರನ ಹೆಂಡತಿಗೆ
ಉಪ್ಪು ತಂದುಕೊಟ್ಟರೆ, ಇದಲ್ಲ, ಕಲ್ಲುಪ್ಪು ಅಂದಳು.
ಇದ್ಯಾವ ಆಟವೋ ಮಹರಾಯ,
ಮನೆಗೆಲಸ ಮುಗಿಸಿ ಬಂದವಳಿಗೆ ಮತ್ತೆ ಮನೆಗೆಲಸ!
ಬೈದುಕೊಂಡೇ ಕಲ್ಲುಪ್ಪು ತಂದೆ.
ಬೈದುಕೊಳ್ಳುತ್ತ ಇಲ್ಲಿ ಅಕ್ಕಿ ನೆನೆಹಾಕುವುದನ್ನು ಮರೆತೆ.

ಮೂರನೆಯ ದಿನವೋ ನಾಲ್ಕನೆಯದೋ
ಊರಾಚೆಯ ಸೇತುವೆ ತೆರೆಯಿತು.
ಸುಂಕದ ಕಟ್ಟೆಯಲ್ಲೊಬ್ಬಳು. ನೀಲಿ ಶಾಲು, ಮಡಿಲಲ್ಲಿ ಲಾಟೀನು.
"ದಾರಿ ದೂರ. ಹಗಲಿರುವಾಗಲೇ ದಾಟು."
ಅಂದದ್ದು ಇಂಗ್ಲಿಷಿನಲ್ಲಿ, ನನಗೆ ಕೇಳಿದ್ದು ಕನ್ನಡ.
ಮತ್ತೆ ಮಾತಾಡಿಸಿದೆ:
"ದಾರಿ ದೂರ. ಹಗಲಿರುವಾಗಲೇ ದಾಟು."

ಪ್ರಣೀತ ನಕ್ಕ. ಅವಳಿಗೆ ಬರೋದೇ ಅದೊಂದು ವಾಕ್ಯ,
ಚೌಕದ ಗುಂಡಿ ಒತ್ತು, ಹಾರಿಸು.

ಒತ್ತಲಿಲ್ಲ.
ಇಪ್ಪತ್ತಾರು ವರ್ಷ ಘಾಟ್‌ಕೋಪರಿನ ಎಕ್ಸ್‌ಚೇಂಜಿನಲ್ಲಿ
ಕಿವಿಗೆ ಕಪ್ಪು ಬಟ್ಟಲು ಕವುಚಿಕೊಂಡು
ನನಗೂ ಬರುತ್ತಿದ್ದದ್ದು ಒಂದೇ ವಾಕ್ಯ, ಮೂರು ಭಾಷೆಯಲ್ಲಿ:
ಹೆಸರು ಹೇಳಿ, ವಿಳಾಸ ಹೇಳಿ, ನಂಬರು ಬರೆದುಕೊಳ್ಳಿ.
ಆಸ್ಪತ್ರೆ ಕೇಳಿದವರು, ಹೆಣದ ಗಾಡಿ ಕೇಳಿದವರು,
ನಡುರಾತ್ರಿ ಸುಮ್ಮನೆ ಉಸಿರಾಡಿದವರು.
ನಂಬರು ಸಿಕ್ಕೊಡನೆ ಕಟ್.
ಊರೇ ಮುಳುಗಿದ ಆ ಜುಲೈಯಲ್ಲಿ ಒಬ್ಬ ಮಾತ್ರ ಕೇಳಿದ:
"ನೀವು ಮನೆಗೆ ಹೋಗಿಲ್ವಾ, ಬಾಯಿ?"
ಹೆಸರು ಕೇಳುವುದೇ ನನ್ನ ಕೆಲಸ.
ಅವನದನ್ನು ಕೇಳಲಿಲ್ಲ.

ಆಮೇಲೆ ಕತೆ ಹಿಡಿಯಿತು, ಹಲಸಿನ ಮೇಣದ ಹಾಗೆ.
ಆಡು ಕಳೆದುಕೊಂಡ ಹುಡುಗ ಈಗ ಸಿಪಾಯಿ, ನನ್ನ ಗುರುತು ಹಿಡಿದ;
ಆ ಕಲ್ಲುಪ್ಪೇ ಮುತ್ತಿಗೆಯ ಚಳಿಗಾಲಕ್ಕೆ ಮೀನು ಉಳಿಸಿತು;
ಬೆಂಕಿ ಬಿದ್ದ ರಾತ್ರಿ
ಬಾವಿಯ ದಾರಿ ಕತ್ತಲಲ್ಲೂ ಕಾಲಿಗೆ ಗೊತ್ತಿತ್ತು.
ಓ, ಇದಕ್ಕೇನು ಅಷ್ಟು ಹೊತ್ತು ಹೊರಿಸಿದ್ದು!
ಚೈತ್ರದ ಹಳದಿ-ಕುಂಕುಕ್ಕೆ ಕರೆಯಲು ಬಂದ ಸುಲಭಾತಾಯಿ
ಬಾಗಿಲು ಬಡಿದು ಬಡಿದು ಹೋದರಂತೆ.
ನಾನಾಗ ಕಣಿವೆಯಲ್ಲಿದ್ದೆ. ಹಿಮ ಬೀಳುತ್ತಿತ್ತು.
ಏಪ್ರಿಲ್ಲಿನ ಬೆವರು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

ಎಲ್ಲಿಗೇ ಹೋಗಲಿ, ಬರಲಿ, ಸೇತುವೆಯ ಹತ್ತಿರ ನಿಲ್ಲುತ್ತೇನೆ.
ದಾರಿ ದೂರ, ಅನ್ನುತ್ತಾಳೆ.
ಹೌದು ತಾಯಿ, ಅನ್ನುತ್ತೇನೆ ಗಟ್ಟಿಯಾಗಿ.

ನಿನ್ನೆ ರಾತ್ರಿ, ಆಟದ ಲೆಕ್ಕದಲ್ಲಿ ಮೂವತ್ತೆಂಟನೆಯ ಗಂಟೆ,
ಕರ್ಜತ್ತಿನ ಕೊನೇ ಲೋಕಲ್ಲು ಹೋಗಿ
ಕಿಟಕಿಯ ಸರಳು ನಡುಗಿ ನಿಂತಿತ್ತು.
ಗಾಯವಾದ ಕುದುರೆಯನ್ನು ನಡೆಸಿಕೊಂಡು ಬಂದೆ.
ಅವಳು ಲಾಟೀನು ಎತ್ತಿದಳು. ಹಿಂದೆಂದೂ ಎತ್ತಿರಲಿಲ್ಲ.

"ಎಲ್ಲರೂ ದಾಟುತ್ತಾರೆ. ನೀನು ನಿಲ್ಲುತ್ತೀಯ. ಯಾಕೆ?"

ಕೆಳಗೆ ಮೂರು ಉತ್ತರ, ಒಂದನ್ನು ಆರಿಸು ಅಂತ.
ಮೊದಲನೆಯದು ತಮಾಷೆ.
ಎರಡನೆಯದು ಸುಳ್ಳು, ಆದರೆ ಚಂದ.
ಮೂರನೆಯದು ಬರೀ ಚುಕ್ಕಿಗಳು.

ಗೋಡೆಯಾಚೆ ಮಗನ ಗೊರಕೆ.
ಫ್ರಿಜ್ಜು ಗೊಣಗಿ ಸುಮ್ಮನಾಯಿತು.
ಲಾಟೀನು ಹಾಗೇ ಎತ್ತಿ ಹಿಡಿದಿದ್ದಾಳೆ.
ಕೈ ನೋಯುವುದಿಲ್ಲ ಅವಳಿಗೆ, ಗೊತ್ತು.
ಆದರೂ.