ಹನ್ನೆರಡನೇ ಪೋರ್ಟು

ತೋತಾಪುರಿ ಬರಲು ಇನ್ನು ಹನ್ನೊಂದು ದಿನ.
ಶ್ರೀನಿವಾಸಪುರದಾಚೆ, ಮಾವಿನ ರಸದ ಫ್ಯಾಕ್ಟರಿಯಲ್ಲಿ
ಯಂತ್ರಗಳೆಲ್ಲ ತೊಳೆದು ಬೋರಲು ಹಾಕಿದ ಪಾತ್ರೆಗಳ ಹಾಗೆ.
ಪ್ಯಾನೆಲ್ಲಿನ ಮುಂದೆ ಮೊಣಕಾಲೂರಿ,
ಬಾಯಲ್ಲಿ ಟಾರ್ಚು, ಮಡಿಲಲ್ಲಿ ಲ್ಯಾಪ್‌ಟಾಪು,
ಒಂದೊಂದಕ್ಕೂ ವಿಳಾಸ ಕೊಡುತ್ತಿದ್ದೆ.

ಮೊದಲ ಮೂರು ಅಂಕಿ ಎಲ್ಲರಿಗೂ ಒಂದೇ, ಅದು ಬೀದಿ.
ಕೊನೆಯದು ಮನೆ ನಂಬರು.
ಬಾಯ್ಲರು ಇಪ್ಪತ್ತೊಂದು. ತಿರುಳು ಹಿಂಡುವುದು ಇಪ್ಪತ್ತೆರಡು.
ಡಬ್ಬಿ ತುಂಬುವುದು ಮೂವತ್ತನಾಲ್ಕು;
ನಡುವೆ ಖಾಲಿ ಸೈಟು ಬಿಟ್ಟಿದ್ದೇನೆ,
ಮುಂದೆ ಯಾರಾದರೂ ಬರಬಹುದು.

ಪುಣೆಯಿಂದ ಬಂದ ಹೊಸ ಪಂಪು
ತಾನೂ ಇಪ್ಪತ್ತೆರಡು ಎಂದಿತು,
ಅಲ್ಲೇ ಯಾರೋ ಬರೆದು ಕಳಿಸಿದ ಹಣೆಬರಹ.
ಕೂಗಿದರೆ ಒಮ್ಮೆ ಇದು ಓಗೊಡುತ್ತದೆ, ಒಮ್ಮೆ ಅದು.
ಪರದೆಯ ಮೇಲೆ ಒತ್ತಡ ಏರಿ, ಇಳಿದು, ಮಾಯ.
ರೋಣೂರಿನ ಸ್ಕೂಲಿನಲ್ಲಿ ನಾವಿಬ್ಬರು ನಾಗವೇಣಿಯರು,
ಒಟ್ಟಿಗೆ ‘ಹಾಜರ್ ಸಾರ್’ ಎಂದರೆ
ಮೇಷ್ಟ್ರು ಒಬ್ಬಳಿಗೆ ಗೈರು ಹಾಕುತ್ತಿದ್ದರು.
ಹೆಚ್ಚು ಸಲ ನನಗೇ.
ಪಂಪಿಗೆ ಇಪ್ಪತ್ತಮೂರು ಕೊಟ್ಟೆ. ಸುಮ್ಮನಾಯಿತು.

ಪಿಳ್ಳಪ್ಪಣ್ಣ ಏಣಿಯ ಮೇಲಿಂದ:
‘ಅಲ್ಲಮ್ಮಣ್ಣಿ, ಬಾಯ್ಲರಿಂದ ಇಲ್ಲೀಗಂಟ ಒಂದು ವೈರು ಎಳದಾಯ್ತು.
ಇನ್ನೊಂದು ಯಾಕೆ, ಹಿತ್ತಲು ಸುತ್ತಿ?’
‘ಕೋಲಾರದ ರೋಡು ಕಿತ್ತೋದ ವರ್ಷ
ಚಿಂತಾಮಣಿ ಮೇಲೆ ಬರಲಿಲ್ವಾ ಬಸ್ಸು?’
‘ಬಂತು. ಅರ್ಧ ದಿನ ಹಿಡೀತು.’
‘ಇದು ಕಣ್ಣು ಮಿಟುಕಿಸೋದ್ರೊಳಗೆ ಬರುತ್ತೆ.’
ನಂಬಲಿಲ್ಲ. ಆದರೂ ಎಳೆದ,
ನೂಲು ಹಿಡಿದಷ್ಟು ನೇರ, ಗೇಣಿಗೊಂದು ಕ್ಲಿಪ್ಪು.

ನಾನು ಟೀಗೆ ಹೋದಾಗ
ಕೊನೆಯ ತುದಿಯನ್ನೂ ಸಿಕ್ಕಿಸಿಬಿಟ್ಟಿದ್ದ, ಉಪಕಾರವೆಂದು.
ಬರುವಷ್ಟರಲ್ಲಿ ಹಸಿರು ದೀಪಗಳೆಲ್ಲ
ಮೈಮೇಲೆ ಬಂದಂತೆ ಮಿಣುಕುತ್ತಿವೆ.
ಪರದೆ ಕಲ್ಲು.
ಯಾವುದೋ ಯಂತ್ರ ‘ಯಾರಿದ್ದೀರಿ?’ ಎಂದ ಸಣ್ಣ ಮಾತು
ಸುತ್ತಿ ಸುತ್ತಿ, ಎರಡಾಗಿ, ಸಾವಿರವಾಗಿ,
ಸಾಯಲು ಜಾಗವಿಲ್ಲದೆ.
ಬಳೆ ಪೂರ್ತಿ ಕೂಡಿತ್ತು, ಅದೇ ತಪ್ಪು.

ಎಲ್ಲೋ ಒಂದು ಕಡೆ ಯಾರಾದರೂ ಸುಮ್ಮನಿರಬೇಕು.
ವೈರಿದ್ದೂ, ಜೀವವಿದ್ದೂ,
ಕೇಳಿಸಿಕೊಂಡೂ ದಾಟಿಸದ ಒಂದು ಬಾಯಿ.
ಹನ್ನೆರಡನೇ ಪೋರ್ಟನ್ನು ಆರಿಸಿ ಮುಚ್ಚಿದೆ.

ಮುಚ್ಚುವಾಗ ನೆನಪಾದಳು ಬಟ್ಟೆ ಹೊಲಿಯುವ ಮುನಿಯಕ್ಕ.
ನಾನು ಡಿಪ್ಲೊಮಾಕ್ಕೆ ಓಡಾಡುವ ಕಾಲದಲ್ಲಿ
ನನ್ನ ಬಗ್ಗೆ ಒಂದು ಮಾತು ಹೊರಟಿತ್ತು,
ನಲ್ಲಿಯಿಂದ ಡೈರಿಗೆ, ಡೈರಿಯಿಂದ ಗಿರಣಿಗೆ.
ಅವಳ ಮಿಷನ್ನಿನ ಹತ್ತಿರ ಬಂದು ನಿಂತಿತು.
ಹಲ್ಲಲ್ಲಿ ದಾರ ಕಡಿದು
‘ತೋಳು ಉದ್ದ ಇರಲಾ, ಗಿಡ್ಡ ಇರಲಾ?’ ಎಂದಳಂತೆ,
ಅಷ್ಟೇ.
ಅಮ್ಮ ಬಚ್ಚಲಲ್ಲಿ ಬಿದ್ದ ರಾತ್ರಿ
ಬೀದಿಯೆಲ್ಲ ಎದ್ದು ಕೂರುವ ಹಾಗೆ ಕೂಗಿದವಳೂ ಅವಳೇ.

ಟೇಪಿನ ಮೇಲೆ ಹನ್ನೆರಡರ ಪಕ್ಕ ಅವಳ ಹೆಸರು ಬರೆದೆ.
‘ಇದೇನು?’ ಎಂದರು ಮ್ಯಾನೇಜರ್ ಗಂಗಿರೆಡ್ಡಿ.
‘ಸ್ಪೇರ್ ಸಾರ್.’

ಜೂನ್ ನಡುವೆ, ಲಾರಿಗಳ ಸಾಲು ಗೇಟು ದಾಟಿದ್ದಾಗ,
ಅಳಿಲೊಂದು ಬಾಯ್ಲರಿನ ವೈರು ಕಡಿಯಿತು.
ಯಾರಿಗೂ ಗೊತ್ತಾಗಲಿಲ್ಲ.
ತೊಂಬತ್ತೆರಡು ಡಿಗ್ರಿ ತೊಂಬತ್ತೆರಡರಲ್ಲೇ ಇತ್ತು,
ಡಬ್ಬಿಗಳು ಸಾಲು ತಪ್ಪಲಿಲ್ಲ.
ಲಾಗಿನಲ್ಲಿ ಮಾತ್ರ ಒಂದು ಸಾಲು:
ರಾತ್ರಿ ಎರಡು ಹದಿನೇಳು. ಪೋರ್ಟ್ ಹನ್ನೆರಡು ತೆರೆದಿದೆ.

ಬೆಳಿಗ್ಗೆ ಪಿಳ್ಳಪ್ಪಣ್ಣ ಕಡಿದ ಜಾಗ ಹುಡುಕಿ
ಹೊಸ ತುದಿ ಕಟ್ಟಿದ. ಟೇಪು ಓದುತ್ತ ನಿಂತ.
‘ಈಗ ಆಯಕ್ಕ ಮತ್ತೆ ಬಾಯಿ ಮುಚ್ಕೋಬೇಕಾ?’
‘ಹೂಂ. ತಾನಾಗೇ ಮುಚ್ಕೋತಾಳೆ.’
ಕಾದ. ದೀಪ ಹಳದಿಗೆ ತಿರುಗಿತು.
‘ಪಾಪ’ ಎಂದು
ಏಣಿ ಹೊತ್ತು ಹೊರಟ.