ಎರಡು ಗಂಟಿನ ಎಳೆ

ಗೂಡಿನ ಮಾರ್ಕೆಟ್ಟಿನಲ್ಲಿ ನಾನು ಕಲಿತದ್ದು ಇಷ್ಟು:
ಮೇಲಿನ ರೇಟಿನ ಲಾಟು ಬೇಡ, ತಳದ್ದೂ ಬೇಡ,
ನಡುವಿನದರಲ್ಲಿ ಒಂದು ಹಿಡಿ ಎತ್ತಿ
ಕಿವಿಯ ಹತ್ತಿರ ಅಲ್ಲಾಡಿಸು.
ಹುಳ ಗಟ್ಟಿಯಾಗಿ ಬಡಿದರೆ ಕೂಗು,
ಒದ್ದೆ ಸದ್ದು ಬಂದರೆ ಮುಂದೆ ಹೋಗು.

ಡಿಶ್‌ವಾಶರನ್ನು ಅಲ್ಲಾಡಿಸೋಕಾಗಲ್ಲ.

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಅಂಗಡಿಯಲ್ಲಿ
ಸಾಲಾಗಿ ಮೂರು ನಿಂತಿದ್ದವು:
ಇಪ್ಪತ್ತಾರು ಸಾವಿರ, ನಲವತ್ತೆರಡು, ಎಪ್ಪತ್ತೊಂಬತ್ತು.
ನನ್ನ ಸೆರಗಿನ ಗಂಟಿನಲ್ಲಿ ಚೀಟಿ ಎತ್ತಿದ ದುಡ್ಡು.
ಕೂಗಿನಲ್ಲಿ ಎಷ್ಟು ಬಿಟ್ಟುಕೊಟ್ಟೆ, ಆ ಮಾತು ಬೇಡ.
ಕೈಯಲ್ಲಿ ರೇಷ್ಮೆ ಹುರಿಯ ಒಂದು ಎಳೆ,
ಸಿಂಕಿಗೂ ಗ್ಯಾಸಿಗೂ ನಡುವಿನ ಸಂದನ್ನು ಅಳೆದು
ಎರಡು ಕಡೆ ಗಂಟು ಹಾಕಿದ್ದು.
ಟೇಪು ತರ್ತೀನಿ ಅಂದ ಅಂಗಡಿಯ ಹುಡುಗ ಗಂಗಿರೆಡ್ಡಿ.
ಇದೇ ಸಾಕಪ್ಪ, ಇದು ಸುಳ್ಳು ಹೇಳಲ್ಲ ಅಂದೆ.

ಎಪ್ಪತ್ತೊಂಬತ್ತರದ್ದು ಫೋನಿನಿಂದಲೇ ಓಡುತ್ತದಂತೆ.
ಎಲ್ಲಿಂದ ಓಡಿಸಲಿ? ನಾನಿರುವುದೇ ಹತ್ತು ಹೆಜ್ಜೆಯೊಳಗೆ.
ಇಪ್ಪತ್ತಾರರದ್ದರ ಒಳಗಿನ ಜಾಲರಿ ಎಳೆದೆ,
ಹೆಣ್ಣು ನೋಡಲು ಬಂದ ಹುಡುಗನ ಕೈಯ
ಕಾಫಿ ಲೋಟದ ಹಾಗೆ ನಡುಗುತ್ತಾ ಬಂತು.
ನಲವತ್ತೆರಡರದ್ದು ಸುಮ್ಮನೆ ಬಂತು, ಸುಮ್ಮನೆ ಹೋಯಿತು.
ಒಳಗೆಲ್ಲ ಸ್ಟೀಲು. ಗೆಣ್ಣಿನಲ್ಲಿ ತಟ್ಟಿ ಕಿವಿಯಿಟ್ಟೆ.
ಹುಡುಗ ನಕ್ಕ. ಅವನಿಗೇನು ಗೊತ್ತು ಗೂಡಿನ ವ್ಯಾಪಾರ.

ನೀರು ಎಷ್ಟು ಬಿಸಿ? ಕೇಳಿದೆ.
ಎಪ್ಪತ್ತು ಡಿಗ್ರಿ ಅಮ್ಮ, ಕೈ ಇಡೋಕಾಗಲ್ಲ ಅಂದ.

ಕೈ ಇಡೋಕಾಗಲ್ಲ.
ಇಪ್ಪತ್ತೆರಡು ವರ್ಷ, ಶಿಡ್ಲಘಟ್ಟದಲ್ಲಿ,
ನಾಲ್ಕು ಬೇಸಿನ್ನಿನ ನಮ್ಮ ಶೆಡ್ಡಿನಲ್ಲಿ,
ಹಬೆಯಾಡುವ ನೀರಿನೊಳಗೆ ಎಳೆಯ ತುದಿ ಹುಡುಕಿದ್ದೇನೆ.
ಸಂಜೆ ಅದೇ ಕೈ ತಣ್ಣೀರಿಗೆ, ನಾರಿಗೆ, ಸೋಪಿನ ಬಿಲ್ಲೆಗೆ.
ಬೆರಳ ಸಂದು ಬಿಳಿಚಿ, ಒಡೆದು, ಗೆರೆಯೆಲ್ಲ ಸವೆದು
ರೇಷನ್ ಅಂಗಡಿಯ ಯಂತ್ರಕ್ಕೆ ನನ್ನ ಹೆಬ್ಬೆರಳು ಸಿಗುವುದೇ ಇಲ್ಲ.
ಒರೆಸಿ ಒತ್ತಿ, ಒರೆಸಿ ಒತ್ತಿ, ಕೊನೆಗೆ
ನಾನು ನಾನೇ ಅನ್ನಲು ನಾದಿನಿಯನ್ನು ಕರೆಸಬೇಕು.

ಇದನ್ನೆಲ್ಲ ಅವನಿಗೆ ಹೇಳಲಿಲ್ಲ.
ಮುದ್ದೆ ತಪ್ಪಲೆ ತೊಳೆಯುತ್ತಾ ಅಂತಷ್ಟೇ ಕೇಳಿದೆ.
ಮಾಲೀಕ ಗಲ್ಲಾದ ಮೇಲೆ ಬಗ್ಗಿದ್ದ ಹೊತ್ತು ನೋಡಿ
ಹುಡುಗ ಮೆಲ್ಲಗೆ ಅಂದ:
"ನೆನೆಹಾಕಬೇಕು ಅಮ್ಮ. ಹೊತ್ತಿದ ತಳ
ಇದರಪ್ಪನ ಕೈಲೂ ಆಗಲ್ಲ."
ಆಗಲೇ ನನಗೆ ಆ ಯಂತ್ರದ ಮೇಲೆ ನಂಬಿಕೆ ಹುಟ್ಟಿದ್ದು.

ಆದರೂ ಗಂಟು ಬಿಚ್ಚಲಿಲ್ಲ.
ರಿಪೇರಿಯವನ ನಂಬರು ಇಸ್ಕೊಂಡು ಬಸ್ಸು ಹತ್ತಿದೆ.
ನಮ್ಮದು ಸಾವಿರದಿನ್ನೂರು ಅಡಿಯ ಬೋರ್ ನೀರು,
ಕಾಯಿಸಿದರೆ ಹಂಡೆಯಲ್ಲಿ ಸುಣ್ಣದ ಸಿಪ್ಪೆ ಏಳುತ್ತೆ.
ಅಂಥ ನೀರು ಕುಡಿದು ಕೆಡದೆ ಉಳಿದದ್ದು ಯಾವುದಿದೆ?
ಕೆಟ್ಟ ದಿನ ಯಾರು ಬರುತ್ತಾರೆ, ಕಂಪನಿಯ ಹೆಸರು ಅದೇ.

ಶನಿವಾರ ಬೆಳಿಗ್ಗೆ ಮಾಡಿದೆ, ಸ್ವಿಚ್ ಆಫ್.
ಮಧ್ಯಾಹ್ನ ರಿಂಗಾಗಿ ರಿಂಗಾಗಿ ನಿಂತಿತು.
ಭಾನುವಾರ ರಾತ್ರಿ ಒಂಬತ್ತೂವರೆಗೆ, ಬಾಯಿತುಂಬ ಅನ್ನ ಇಟ್ಟುಕೊಂಡು,
"ಇಮ್ದಾದ್ ಮಾತಾಡೋದು, ಯಾವೂರಮ್ಮ?"
ಯಂತ್ರ ಇನ್ನೂ ತಗೊಂಡಿಲ್ಲಪ್ಪ ಅಂದೆ.
ಸ್ವಲ್ಪ ಹೊತ್ತು ಬರೀ ಅಗಿಯುವ ಸದ್ದು. ಆಮೇಲೆ,
"ತಗೊಂಡ್ರೆ ಉಪ್ಪು ಮರೀಬೇಡಿ. ಸಾರಿನ ಉಪ್ಪಲ್ಲ,
ಅದಕ್ಕೇ ಬೇರೆ ಬರುತ್ತೆ.
ಮಂಗಳವಾರ ನಾನು ಆ ಕಡೆ ಇರ್ತೀನಿ."

ಸೋಮವಾರ ನಲವತ್ತೆರಡು ಎಣಿಸಿ ಕೊಟ್ಟು
ಎರಡು ಪ್ಯಾಕೆಟ್ ಉಪ್ಪು ಜಗಳಾಡಿ ತಂದೆ.

ಈಗ ಕೂತಿದೆ ಸಂದಿನಲ್ಲಿ, ಗಂಟಿನಿಂದ ಗಂಟಿಗೆ,
ಒಂದು ಬೆರಳು ಜಾಗ ಬಿಟ್ಟು.
ಎರಡೂವರೆ ಗಂಟೆ ಒಳಗೇ ಗೊಣಗುತ್ತದೆ.
"ಅಷ್ಟೊತ್ತಿಗೆ ನಾನು ತೊಳೆದು, ಒರೆಸಿ,
ಒಂದು ನಿದ್ದೆ ತೆಗೆದಿರ್ತಿದ್ದೆ" ಅಂದಳು ನಾದಿನಿ ಪಿಳ್ಳಮ್ಮ.
ಈಗಲೂ ತೆಗಿ, ಯಾರು ಬೇಡ ಅಂದ್ರು?
ಅವಳು ಹೋಗಲಿಲ್ಲ.
ಇಬ್ಬರೂ ಕಾಲು ಚಾಚಿ ಅದರ ಎದುರಿಗೇ ಕೂತೆವು,
ಒಣಗಿದ ಕೈ ಮಡಿಲಲ್ಲಿಟ್ಟು.
ಒಳಗೆ ಬಿಸಿನೀರು, ನಮ್ಮನ್ನು ಕೇಳದೆ,
ಏನೋ ತುದಿ ಹುಡುಕುತ್ತಿತ್ತು.

ಮುದ್ದೆ ತಪ್ಪಲೆ ಮಾತ್ರ ಸಿಂಕಿನಲ್ಲಿ ನೆನೆಯುತ್ತಿದೆ.
ಅದನ್ನು ಬೆಳಿಗ್ಗೆ ನೋಡೋಣ.