ಕೆರೂರಾಗ ಬಂದ ಕಂತು

ಎರಡೂವರಿ ಆತಂದ್ರ ಗುಳೇದಗುಡ್ಡದ ನಮ್ಮ ಓಣ್ಯಾಗ
ಒಂದೊಂದ ಮನಿ ಲಾಳಿ ನಿಂದರತಿತ್ತು.
ಖಟಲ್ ಖಟಲ್ ಅನ್ನೂದು ಬಂದಾಗಿ
ಓಣಿಗೆ ಒಮ್ಮಿಗೇ ಕಿವುಡು ಬಂದಂಗ.
ಕಂಡಕಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಾವು
ನೀಲಗಂಗವ್ವನ ಪಡಸಾಲಿಗೆ.
ಆಕಿ ಟೀವಿ ಮ್ಯಾಲೆ ಹಾಸಿದ್ದು ಖಣದ ತುಂಡು,
ಆನಿಹೆಜ್ಜಿ, ಅಂಚಿನಾಗ ಒಂದೆಳಿ ತಪ್ಪಿದ್ದು,
ಯಾವ ಸಾವಕಾರನೂ ತೊಗೊಳ್ಳಾರದ್ದು.

ಅಲ್ಲಿರತಿದ್ರು ಅವರಿಬ್ಬರು.
ಕೌಶಿಕ, ಶರ್ಮಿಳಾ.
ನಾಕು ವರ್ಷ ಒಬ್ಬರನ್ನೊಬ್ಬರು ನೋಡಿಕೋತ;
ಮಾತು ಗಂಟಲಕ್ಕ ಬಂದಾಗೊಮ್ಮೆ
ನಡುವ ಸೋಪಿನ ಪುಡಿ ಬರತಿತ್ತು.
ಅಂಥಾ ಮೆತ್ತನ ಸೋಫಾದ ಮ್ಯಾಲೆ ಕುಂತವರಿಗೆ
ಇಂಥಾ ಕಷ್ಟ ಹ್ಯಾಂಗ ಬರತಾವು
ಅಂತ ದಾನವ್ವ ಕೇಳಾಕಿ.
ಕೇಳಿ, ಸೆರಗಿಲೆ ಮೂಗು ಒರಸಾಕಿ.

ಒಂದ ಸೋಮವಾರ ಕೌಶಿಕ
ಬ್ಯಾರೆ ಮಾರಿ ಹೊತಗೊಂಡು ಬಂದ.
ಹೆಸರು ಅದಽ, ಅಂಗಿ ಅದಽ, ಕೆಮ್ಮು ಬ್ಯಾರೆ.
ಶರ್ಮಿಳಾ ಏನೂ ಆಗಿಲ್ಲದಂಗ ಚಾ ಕೊಟ್ಲು.
"ಗುರುತಿಲ್ಲದಾಂವಗ ಚಾ ಕೊಡತಾಳ, ನಾಚಿಕಿಗೇಡಿ!"
ನೀಲಗಂಗವ್ವ ಎದ್ದು ಒಳಗ ಹೋದ್ಲು.
ಹನ್ನೊಂದ ದಿನ ನಾವ್ಯಾರೂ
ಆ ಹೊಸಾಂವನ ಕಷ್ಟಕ್ಕ ಅಳಲಿಲ್ಲ.

ಲಗ್ನ ಶುಕ್ರವಾರ ಇತ್ತು.
ನಾ ಹಳದಿ ಸೀರಿ ಉಟಗೊಂಡು ಹೋಗಿದ್ದೆ, ಸುಳ್ಳ್ಯಾಕ ಹೇಳ್ಲಿ.
ಯಾರೋ ಮುಷ್ಟ್ಯಾಗ ಅಕ್ಕಿಕಾಳು ಸೈತ ತಂದಿದ್ರು.
ತಾಳಿ ಹಿಡದು ಆತ ಬಾಗಿದ.
ಕರೆಂಟ್ ಹೋತು.
ಕರಿ ಗಾಜಿನಾಗ ಹನ್ನೆರಡು ಹೆಣಮಕ್ಕಳು
ಬಾಯಿ ತಕ್ಕೊಂಡು ನಮ್ಮನ್ನ ನೋಡಾಕತ್ತಿದ್ರು.

ಮರುದಿವಸ ಹುಸೇನಬಿ ಬಂದ್ಲು.
"ನಮ್ಮ ತಂಗಿ ಕೆರೂರಾಗ ನೋಡ್ಯಾಳ. ಫೋನ್ ಹಚ್ಚಿ ಹೇಳಿದ್ಲು."
ಗ್ವಾಡಿಗೆ ಬೆನ್ನು ಕೊಟ್ಟು, ರೇಷ್ಮಿ ಸುತ್ತಿಕೋತ ಹೇಳಿದ್ಲು:
ಆಗಷ್ಟ ಇಟ್ಟ ಕಾಲುಂಗುರ ಜಾರಿ ಬಿತ್ತಂತ.
ಕೌಶಿಕ ಎಲ್ಲಾರ ಮುಂದ, ಅವರಪ್ಪನ ಮುಂದ,
ನೆಲಕ್ಕ ಕುಂತನಂತ. ಆಕಿ ಕಾಲು
ತನ್ನ ತೊಡಿ ಮ್ಯಾಲಿಟಗೊಂಡು ತಿರಗಿ ತೊಡಿಸಿದನಂತ.
"ನೋವಾತೇನ?" ಅಂದನಂತ.
ಅಷ್ಟಽ.

ಆ ಒಂದ ಮಾತು ಹಿಡಕೊಂಡು ನಮ್ಮ ಓಣಿ
ಇಡೀ ಚಳಿಗಾಲ ಕಳೀತು.

ನನ್ನ ಗಂಡ ಧಾರಾವಾಹಿ ಅಂದ್ರ ಮಾರಿ ಕಿವಚಾಂವ.
ಅವತ್ತ ಸಂಜಿಕೆ, ಕುಣ್ಯಾಗ ಕಾಲು ಇಳಿಬಿಟಗೊಂಡು
ಹರದ ಎಳಿಗೆ ಗಂಟು ಹಾಕಿಕೋತ, ತಲಿ ಎತ್ತಲಾರದ,
"ಕಟ್ಟಿದನಂತೇನ ಅಂವ?" ಅಂದ.
ಹೇಳಿದೆ. ಕಾಲುಂಗುರದ ಸುದ್ದಿನೂ ಹೇಳಿದೆ.
ಲಾಳಿ ಒಂದೀಟು ನಿಂತು, ಮತ್ತ ಹೊಂಟಿತು.

ಎಷ್ಟೋ ದಿವಸದ ಮ್ಯಾಲೆ ರೇಷ್ಮಿ ಎಳಿ ನನ್ನ ಬೆರಳು ಕೊಯ್ತು.
"ನೋವಾತೇನ?" ಅಂದ.
ಅಂದು, ತಾನಽ ಗಾಬರ್ಯಾಗಿ,
"ಖಣಕ್ಕ ರಕ್ತ ಹತ್ತೀತು, ನೋಡು" ಅಂದ.

ಮೊನ್ನೆ ಮೊಮ್ಮಗಳು ಆ ಕಂತು ಫೋನಿನ್ಯಾಗ ಹುಡುಕಿ ಕೊಟ್ಲು.
ಮಗ್ಗದ ಕುಣಿ ಮುಚ್ಚಿ ಫರಸಿ ಹಾಕಿಸಿದ ಜಾಗಾದಾಗ
ಕುಂತು ನೋಡಿದೆ.
ಬಣ್ಣ ಹಾರಿತ್ತು. ಕೌಶಿಕ ನಮ್ಮ ಮಗನಕಿಂತ ಸಣ್ಣಾಂವ.
ತಾಳಿ ಕಟ್ಟಿದ. ಮಂದಿ ಅಕ್ಕಿ ಒಗದ್ರು.
ಅತ್ತಿ ಮಾರಿ ಮೂರು ಸಲ ತೋರಿಸಿದ್ರು, ಢಣ್, ಢಣ್, ಢಣ್.
ಮುಗೀತು.
ಹಿಂದಕ್ಕ ಸರಿಸಿ ಮತ್ತೊಮ್ಮೆ ನೋಡಿದೆ.
ಕಾಲುಂಗುರ ಇಲ್ಲ. ಯಾರೂ ನೆಲಕ್ಕ ಕುಂಡ್ರಲಿಲ್ಲ.

ಹುಸೇನಬಿಗಿದ್ದವರು ಮೂರು ಮಂದಿ ಅಣ್ಣಗೋಳು.
ಒಬ್ಬಾಂವ ಬದಾಮ್ಯಾಗ, ಇಬ್ಬರು ಇಲ್ಲೇ, ಬಾಜೂಕಽ.
ಹನ್ನೆರಡು ಮಂದ್ಯಾಗ ಒಬ್ಬಾಕಿನೂ
ಅವತ್ತ ಕೇಳಲಿಲ್ಲ: ಯಾವ ತಂಗಿ?

"ಇದಽ ಹೌದಲ್ಲ ಅಮ್ಮಾ?" ಅಂತು ಹುಡುಗಿ.
ಅಲ್ಲವಾ, ಅಂದೆ.
ಕೆರೂರಾಗ ಬಂದದ್ದು ಹುಡುಕು.